ಕವರ್ ಎಂದು ಕೂಗಿದವನು

ಬಾಗಿಲು ಸರಿಯಾಗಿ ಹಾಕಿದ್ಯಾ? ಹಾಂ... ಹಾಗಾದರೆ ಕೂತುಕೋ. ನಗುವುದಿದ್ದರೆ ಈಗಲೇ ನಕ್ಕು ಮುಗಿಸಿಬಿಡು, ನಡುವೆ ನಗಬೇಡ. ಇದು ಯಾರೋ ಎಲ್ಲೋ ಹೇಳಿದ್ದನ್ನು ನಾನು ನಿನಗೆ ಸಾಗಿಸುತ್ತಿರುವುದಲ್ಲ. ನಮ್ಮ ದೊಡ್ಡಮ್ಮನ ಮಗನಿಗೆ ಆದದ್ದು. ಅವನು ಇನ್ನೂ ಇದ್ದಾನೆ, ಬೇಕಾದರೆ ಹೋಗಿ ನೋಡು. ಆದರೆ ಈ ವಿಷಯ ಮಾತ್ರ ಎತ್ತಬೇಡ.

ಆ ರಾತ್ರಿ ಅವನು ಕ್ಯಾರಂ ಬೋರ್ಡು ಹೊತ್ತುಕೊಂಡು ಮನೆಗೆ ಬರುತ್ತಿದ್ದ. ಬೋರ್ಡು ತಲೆಯ ಮೇಲೆ, ಕಾಯಿಗಳ ಡಬ್ಬಿ ಪ್ಯಾಂಟಿನ ಜೇಬಿನಲ್ಲಿ. ಬೀದಿ ದೀಪ ಇದ್ದೂ ಇಲ್ಲದಂಥ ಬೀದಿ ಅದು. ಅದರ ಕೊನೆಯಲ್ಲಿ ಒಂದು ಹಾಳು ಬಾವಿ. ನೀರು ಬತ್ತಿ ಎಷ್ಟೋ ಕಾಲವಾಗಿದೆ. ಯಾರೂ ಬೀಳದಿರಲಿ ಅಂತ ಬಾಯಿಗೆ ಕಬ್ಬಿಣದ ಜಾಲರಿ ಕೂರಿಸಿದ್ದಾರೆ. ಅವನು ಬಾವಿಯ ಹತ್ತಿರ ಬಂದ. ಆಗ ತಲೆಯ ಮೇಲೆ ಸದ್ದಾಯಿತು.

ಟಕ್.

ನಿಂತ. ಜೇಬು ಮುಟ್ಟಿ ನೋಡಿಕೊಂಡ. ಡಬ್ಬಿ ಅಲ್ಲೇ ಇತ್ತು, ಮುಚ್ಚಳಕ್ಕೆ ಹಾಕಿದ ರಬ್ಬರ್ ಬ್ಯಾಂಡೂ ಬೆರಳಿಗೆ ಸಿಕ್ಕಿತು.

ಟಕ್... ಸರ್ರ್...

ಅದು ಕಾಯಿ ಜಾರುವ ಸದ್ದು. ಪೌಡರ್ ಹಾಕಿದ ಹಲಗೆಯ ಮೇಲೆ ಕಾಯಿ ಜಾರಿ, ಅಂಚಿಗೆ ತಾಗುವ ಮೊದಲೇ ನಿಂತುಬಿಡುತ್ತದಲ್ಲ, ಆ ಸದ್ದು. ಅದನ್ನು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ತಡಿ. ಹೀಗೆ ಹೇಳಿದರೆ ನಿನಗೆ ತಲೆಬುಡ ತಿಳಿಯುವುದಿಲ್ಲ. ಆ ಹೊತ್ತಿನಲ್ಲಿ ಅವನು ಆ ಬೋರ್ಡು ಹೊತ್ತಿದ್ದು ಯಾಕೆ ಅನ್ನುವುದನ್ನು ಮೊದಲು ಹೇಳುತ್ತೇನೆ.

ಅವನಿಗೆ ಜೊತೆಯವರು ಇಟ್ಟ ಹೆಸರು ಗುರಿ. ಸ್ಟ್ರೈಕರ್ ಹಿಡಿದು ಕೂತರೆ ಎದುರಿನ ಮೂಲೆಯಲ್ಲಿರುವ ಕಾಯಿಯನ್ನೂ ಬಿಡುತ್ತಿರಲಿಲ್ಲ, ಅದಕ್ಕೆ. ಬೇರೆ ಯಾವ ಗುರಿಯೂ ಅವನಿಗೆ ಇದ್ದಂತಿರಲಿಲ್ಲ ಅಂತ ದೊಡ್ಡಮ್ಮ ಹಂಗಿಸುತ್ತಿದ್ದಳು, ಅದು ಬೇರೆ ಮಾತು. ಕೆಲಸ ಒಂದು ದೊಡ್ಡ ಲಾಂಡ್ರಿಯಲ್ಲಿ. ಹೋಟೆಲುಗಳ, ಆಸ್ಪತ್ರೆಗಳ ಹಾಸುಬಟ್ಟೆಯೆಲ್ಲ ಅಲ್ಲಿಗೇ ಬರುತ್ತಿತ್ತು. ಒಬ್ಬ ಆಳು ಬಗ್ಗಿ ಒಳಗೆ ಹೋಗಬಹುದಾದಷ್ಟು ದೊಡ್ಡ ಡ್ರಮ್ಮಿನ ಯಂತ್ರಗಳು. ರಾತ್ರಿ ಪಾಳಿಯಲ್ಲಿ ನಾಲ್ಕೇ ಜನ. ಪಾಳಿ ನೋಡಿಕೊಳ್ಳುವ ಮೇಸ್ತ್ರಿ, ಬಟ್ಟೆ ಸಾಗಿಸುವ ಡ್ರೈವರು, ನಮ್ಮ ಗುರಿ, ಮತ್ತೆ ಕಡ್ಡಿ. ಕಡ್ಡಿ ಹೆಸರಿಗೆ ತಕ್ಕ ಹಾಗೆ ಇದ್ದ. ಗಾಳಿ ಬಂದರೆ ಕಂಬ ಹಿಡ್ಕೋ ಅಂತ ಎಲ್ಲರೂ ರೇಗಿಸುತ್ತಿದ್ದರು. ಅವನೂ ಕಂಬ ಹಿಡಿದು ತೋರಿಸುತ್ತಿದ್ದ, ಅಂಥ ಮನುಷ್ಯ.

ಊಟದ ಬಿಡುವಿನಲ್ಲಿ ಯಂತ್ರಗಳ ಹಿಂದಿನ ಕೋಣೆಯಲ್ಲಿ ಕ್ಯಾರಂ. ಎದುರುಬದುರು ಕೂತವರು ಜೋಡಿ. ಮೇಸ್ತ್ರಿಗೆ ಡ್ರೈವರು, ಗುರಿಗೆ ಕಡ್ಡಿ. ಈ ಜೋಡಿ ಯಾವತ್ತೂ ಬದಲಾಗಲಿಲ್ಲ. ಗುರಿ ಮತ್ತು ಕಡ್ಡಿ ಒಬ್ಬರ ಮುಖ ಒಬ್ಬರು ನೋಡಿಕೊಂಡೇ ಯಾವ ಕಾಯಿ ಹೊಡೆಯಬೇಕು ಅಂತ ತಿಳಿದುಕೊಳ್ಳುತ್ತಿದ್ದರು. ಗುರಿಗೆ ಹೆಂಡತಿ ಮಕ್ಕಳಿಲ್ಲ. ಅವನಿಗೆ ಯಾರಾದರೂ ಇದ್ದರೆ ಅದು ಆ ಬೋರ್ಡಿನ ಆಚೆ ಬದಿಯಲ್ಲಿ ಕೂರುವ ಕಡ್ಡಿ.

ಈಗ ಒಂದು ಪದ ಹೇಳುತ್ತೇನೆ, ಚೆನ್ನಾಗಿ ಕೇಳಿಸಿಕೋ. ಕವರ್.

ಕ್ಯಾರಂ ಆಡಿದ್ದೀಯಲ್ಲ, ನಿನಗೆ ಗೊತ್ತು. ಕೆಂಪು ಕಾಯಿ ಬೀಳಿಸಿದರೆ ಸಾಲದು, ಅದರ ಹಿಂದೆಯೇ ನಿನ್ನ ಇನ್ನೊಂದು ಕಾಯಿ ಬೀಳಬೇಕು. ಅದು ಕವರ್. ಬೀಳಲಿಲ್ಲವೋ, ಕೆಂಪು ವಾಪಸ್ ಬೋರ್ಡಿನ ನಡುವೆ ಬಂದು ಕೂರುತ್ತದೆ. ಆ ಕೋಣೆಯಲ್ಲಿ ಅವರದ್ದೇ ಒಂದು ರಿಯಾಯಿತಿಯೂ ಇತ್ತು. ಆಟದ ನಡುವೆ ಒಬ್ಬ ಕೆಲಸಕ್ಕೆ ಎದ್ದು ಹೋಗಬೇಕಾಗಿ ಬಂದರೆ ಅವನ ಹೊಡೆತವನ್ನು ಜೋಡಿ ಹೊಡೆಯಬಹುದು.

ಯಂತ್ರದ ಹತ್ತಿರವೂ ಅದೇ ಪದ. ಒಂದು ಹಳೆ ಯಂತ್ರವಿತ್ತು. ಅದರೊಳಗೆ ಬಟ್ಟೆ ಆಗಾಗ ಗಂಟು ಹಾಕಿಕೊಂಡು ಸಿಕ್ಕಿಕೊಳ್ಳುತ್ತಿತ್ತು, ಯಾರಾದರೂ ಒಳಗೆ ಬಗ್ಗಿ ಬಿಡಿಸಬೇಕು. ಅದರ ನಿಲ್ಲಿಸುವ ಗುಂಡಿ ಕೆಟ್ಟಿತ್ತು. ಒತ್ತಿದರೆ ನಿಲ್ಲುತ್ತಿತ್ತು, ಕೈ ಬಿಟ್ಟರೆ ಸ್ವಲ್ಪ ಹೊತ್ತಿಗೆ ತಾನೇ ತಿರುಗಲು ಶುರು. ರಿಪೇರಿ ಮಾಡಿಸಿ ಅಂತ ಕಡ್ಡಿ ಹೇಳುತ್ತಲೇ ಇದ್ದ, ಮೇಸ್ತ್ರಿ ಆಗಲಿ ಅನ್ನುತ್ತಲೇ ಇದ್ದ. ಗುಂಡಿ ಇರುವುದು ಯಂತ್ರದ ಹಿಂಬದಿಗೆ, ಬಾಯಿ ಇರುವುದು ಮುಂಬದಿಗೆ. ಒಬ್ಬರಿಗೊಬ್ಬರು ಕಾಣುವುದಿಲ್ಲ. ಅದಕ್ಕೆ ಅವರೇ ಒಂದು ಕಟ್ಟುಪಾಡು ಮಾಡಿಕೊಂಡಿದ್ದರು. ಒಬ್ಬ ಹಿಂದೆ ಹೋಗಿ ಗುಂಡಿಯನ್ನು ಒತ್ತಿ ಹಿಡಿದು 'ಕವರ್!' ಅಂತ ಕೂಗಬೇಕು. ಮುಂದಿನವನು 'ಸರಿ!' ಅನ್ನಬೇಕು. ಆಮೇಲೆ ಒಳಗೆ ಕಾಲಿಡಬೇಕು. ಕೂಗು ಕೇಳದೆ ಯಾರೂ ಒಳಗೆ ಹೋಗುತ್ತಿರಲಿಲ್ಲ.

ಬೋರ್ಡು ಹೊತ್ತ ರಾತ್ರಿಗೆ ಕೆಲವು ದಿನ ಮೊದಲು, ಒಂದು ರಾತ್ರಿ ಆಟ ಬಿರುಸಾಗಿತ್ತು. ಕಡ್ಡಿ ಕೆಂಪು ಹೊಡೆದ. ಕಾಯಿ ಮೂಲೆಯ ಬಲೆಯೊಳಗೆ ಬಿತ್ತು. ಗುರಿ ಮೇಜು ಗುದ್ದಿದ. ಅಷ್ಟರಲ್ಲಿ ಹೊರಗೆ ಯಂತ್ರದ ಸದ್ದು ಬದಲಾಯಿತು. ಗುಡುಗುಡು ಅನ್ನುತ್ತಿದ್ದದ್ದು... ಧಬ್... ಧಬ್... ಬಟ್ಟೆ ಗಂಟು ಹಾಕಿಕೊಂಡಿತ್ತು. ಅದು ಕಡ್ಡಿ ನೋಡಿಕೊಳ್ಳುವ ಯಂತ್ರ. ಎದ್ದ. ಬಾಗಿಲಲ್ಲಿ ನಿಂತು, ಜೋಡಿಯ ಕಡೆ ತಿರುಗಿ ಕೇಳಿದ.

"ಕವರ್ ನೀನೇ ಅಲ್ವೇನೋ?"

ಗುರಿಯ ಕಣ್ಣು ಬೋರ್ಡಿನ ಮೇಲಿತ್ತು. "ಹೂಂ, ನಾನೇ. ನೀ ನಡಿ."

ಕಡ್ಡಿ ಕೇಳಿದ್ದು ಯಂತ್ರದ ಕವರ್. ಗುರಿ ಕೇಳಿಸಿಕೊಂಡದ್ದು ಬೋರ್ಡಿನ ಕವರ್.

ಕಡ್ಡಿ ಹೋಗಿ ಹಿಂದಿನ ಗುಂಡಿ ಒತ್ತಿದ, ಯಂತ್ರ ನಿಂತಿತು. ಮುಂದೆ ಬಂದು ಬಾಗಿಲು ತೆಗೆದು, ಜೋಡಿ ಬಂದು ಗುಂಡಿ ಹಿಡಿದು ಕೂಗಲಿ ಅಂತ ಕಾದ. ಇಲ್ಲಿ ಕೋಣೆಯಲ್ಲಿ ಗುರಿ ಉಸಿರು ಬಿಗಿಹಿಡಿದು ಕೂತಿದ್ದ. ಕಾಯಿ ಕಷ್ಟದ ಜಾಗದಲ್ಲಿತ್ತು. ಮೇಸ್ತ್ರಿ "ಆಗಲ್ಲ ಬಿಡೋ" ಅಂದ. ಗುರಿ ಹೊಡೆದ. ಟಕ್. ಕಾಯಿ ಅಂಚಿಗೆ ಉಜ್ಜಿಕೊಂಡು ಹೋಗಿ, ಬಲೆಯ ಬಾಯಲ್ಲಿ ಒಂದು ಕ್ಷಣ ತೂಗಿ, ಬಿತ್ತು. ಅವನ ಜೀವಮಾನದ ಹೊಡೆತ ಅದು. ಗುರಿ ಸ್ಟೂಲು ಬೀಳಿಸಿಕೊಂಡು ಎದ್ದ, ಎರಡೂ ಕೈ ಮೇಲೆತ್ತಿ, ಇಡೀ ಲಾಂಡ್ರಿಗೆ ಕೇಳುವ ಹಾಗೆ ಕಿರುಚಿದ.

"ಕವರ್!"

ಹೊರಗಿನಿಂದ ಉತ್ತರ ಬಂತು. "ಸರಿ!"

ಮೂವರಿಗೂ ಕೇಳಿಸಿತು. ಡ್ರೈವರು ನಕ್ಕ ಕೂಡ, ನೋಡು, ಅಲ್ಲಿಂದಲೇ ಖುಷಿಪಡ್ತಾನೆ ಅಂತ. ಆಮೇಲೆ... ಆಮೇಲಿನ ಸದ್ದನ್ನು ನಾನು ಹೇಳುವುದಿಲ್ಲ. ಗುರಿ ನನಗೆ ಹೇಳಿದ್ದಾನೆ. ಆದರೂ ಹೇಳುವುದಿಲ್ಲ. ಡ್ರಮ್ಮು ತಿರುಗಿತು, ಬಿಸಿನೀರು ಬಿಟ್ಟುಕೊಂಡಿತು. ಅಷ್ಟು ಸಾಕು ನಿನಗೆ.

ಪೊಲೀಸರು ಬಂದು ಹೋದರು. ಕಂಪನಿಯಿಂದ ವಿಚಾರಣೆ ಅಂತ ಆಯಿತು. ಕಡ್ಡಿ ಕವರ್ ಇಲ್ಲದೆ ತಾನೇ ಒಳಗೆ ನುಗ್ಗಿದ ಅಂತಾದರೆ ತಪ್ಪು ಅವನದ್ದು. ಹೆಂಡತಿಗೆ ಏನೂ ಸಿಗುವುದಿಲ್ಲ, ಕಂಪನಿಯ ಕ್ವಾರ್ಟರ್ಸನ್ನೂ ಬಿಡಬೇಕು. ಕೂಗು ಕೇಳಿ ಹೋದ ಅಂತಾದರೆ, ಕೂಗಿದವನು ಯಾರು, ಗುಂಡಿ ಯಾಕೆ ಕೆಟ್ಟಿತ್ತು, ಯಂತ್ರ ಓಡುವಾಗ ನೀವೆಲ್ಲ ಎಲ್ಲಿದ್ದಿರಿ... ಒಂದೊಂದೇ ಎಳೆ ಬಿಚ್ಚಿಕೊಳ್ಳುತ್ತದೆ. ಮೇಸ್ತ್ರಿಗೆ ಇದೆಲ್ಲ ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಗುಂಡಿ ರಿಪೇರಿ ಮಾಡಿಸುವ ವಿಷಯದಲ್ಲಿ ಇಲ್ಲದ ಚುರುಕು ಈಗ ಎಲ್ಲಿಂದಲೋ ಬಂತು.

ಕಡ್ಡಿಯ ಹೆಂಡತಿ ಒಂದೇ ಮಾತು ಹಿಡಿದಿದ್ದಳು. ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದಳು. "ಅವ್ರು ಕೂಗು ಕೇಳ್ದೆ ಒಳಗೆ ಕಾಲಿಡೋರಲ್ಲ. ಮನೇಲಿ ಮಗಳನ್ನ ಬಚ್ಚಲಿಗೆ ಕಳಿಸ್ಬೇಕಾದ್ರೂ ಕವರ್ ಅಂತ ಕೂಗಿಸೋರು, ತಮಾಷೆಗೆ. ಅಷ್ಟು ಅಭ್ಯಾಸ." ಗುರಿ ಎದುರಿಗೆ ಸಿಕ್ಕಾಗ ಅವನ ಕೈ ಹಿಡಿದುಕೊಂಡು ಹೇಳಿದ್ದಳು. "ಅಣ್ಣಾ, ನೀವು ಅಲ್ಲೇ ಇದ್ರಲ್ಲ. ನೀವೇ ಹೇಳಿ."

ಗುರಿ ಕೈ ಬಿಡಿಸಿಕೊಂಡು ಹೊರಟುಬಿಟ್ಟ.

ವಿಚಾರಣೆಯ ಹಿಂದಿನ ರಾತ್ರಿ ಮೇಸ್ತ್ರಿ ತನ್ನ ಮನೆಗೆ ಇಬ್ಬರನ್ನೂ ಕರೆಸಿದ. ಕಿಟಕಿ ಹಾಕಿ, ತಗ್ಗಿದ ದನಿಯಲ್ಲಿ ಪಾಠ ಹೇಳಿಕೊಟ್ಟ. "ಅವನು ಯಾರನ್ನೂ ಕರೀಲಿಲ್ಲ, ಯಾರೂ ಕೂಗಲಿಲ್ಲ. ಅಷ್ಟೇ. ಜಾಸ್ತಿ ಮಾತು ಬೇಡ." ಡ್ರೈವರು ತಲೆಯಾಡಿಸಿದ. ಗುರಿ ನೆಲ ನೋಡುತ್ತಿದ್ದ. ಮೇಸ್ತ್ರಿ ಅವನ ಹೆಗಲ ಮೇಲೆ ಕೈ ಇಟ್ಟ. "ಹಗಲು ಪಾಳಿ ಬೇಕು ಅಂತಿದ್ಯಲ್ಲ... ಅಮ್ಮನಿಗೆ ಹುಷಾರಿಲ್ಲ ಅಂತ. ನೋಡೋಣ, ಮಾಡ್ಸೋಣ. ಈಗ ಹೋಗಿ ಆ ಬೋರ್ಡ್ ಎತ್ಕೊಂಡು ಮನೆಗೆ ತಗೊಂಡು ಹೋಗ್ಬಿಡು. ಬೆಳಗ್ಗೆ ಅವ್ರ ಕಣ್ಣಿಗೆ ಬೀಳ್ಬಾರ್ದು."

ಅದಕ್ಕೆ ಅವನು ಬೋರ್ಡು ಹೊತ್ತದ್ದು. ಗೋಡೆಗೆ ಒರಗಿಸಿದ್ದ ಖಾಲಿ ಬೋರ್ಡು. ಕಾಯಿಗಳನ್ನು ತಾನೇ ಡಬ್ಬಿಗೆ ತುಂಬಿದ್ದ, ಕೆಂಪನ್ನು ಎಲ್ಲಕ್ಕಿಂತ ಮೇಲೆ ಇಟ್ಟು ಮುಚ್ಚಿದ್ದ.

ಈಗ ಬಾವಿಯ ಹತ್ತಿರಕ್ಕೆ ಬಾ.

ಟಕ್... ಸರ್ರ್... ಟಕ್.

ಅವನಿಗೆ ಓಡಬೇಕು ಅನ್ನಿಸಿತು. ಬೋರ್ಡು ಬಿಟ್ಟು ಓಡುವ ಹಾಗಿರಲಿಲ್ಲ. ತಲೆಯ ಮೇಲೆ ಯಾರೋ ಆಡುತ್ತಿದ್ದಾರೆ, ಹಲಗೆಯ ಕಂಪನ ಬುರುಡೆಗೆ ಇಳಿಯುತ್ತಿದೆ. ಮೆಲ್ಲಗೆ ಬಗ್ಗಿ ಬೋರ್ಡನ್ನು ಬಾವಿಯ ಜಾಲರಿಯ ಮೇಲೆ ಇಳಿಸಿದ. ಕಬ್ಬಿಣ ಕಿರ್... ಅಂದಿತು. ದೂರದ ದೀಪದ ಬೆಳಕು ಅಷ್ಟಿಷ್ಟು ಬೀಳುತ್ತಿತ್ತು.

ಬೋರ್ಡಿನ ನಡುವೆ ಕೆಂಪು ಕಾಯಿ ಕೂತಿತ್ತು.

ಡಬ್ಬಿ ತೆಗೆದ. ರಬ್ಬರ್ ಬ್ಯಾಂಡು ಬಿಚ್ಚುವಾಗ ಅದು ಎಲ್ಲಿಗೋ ಹಾರಿತು. ಬಿಳಿ ಇದ್ದವು, ಕಪ್ಪು ಇದ್ದವು. ಕೆಂಪು ಇರಲಿಲ್ಲ. ಅವನು ಬೋರ್ಡಿನಿಂದ ಕೆಂಪನ್ನು ಎತ್ತಿ ಡಬ್ಬಿಗೆ ಹಾಕಿದ, ಮುಚ್ಚಿದ, ಎರಡೂ ಕೈಯಲ್ಲಿ ಅದುಮಿ ಹಿಡಿದ. ಕಣ್ಣೆದುರಿಗೇ... ನಡುವಿನ ವೃತ್ತದಲ್ಲಿ... ಕೆಂಪು.

ನಿಜ ಹೇಳಬೇಕೆಂದರೆ ಆಗ ಅವನಿಗೆ ಹೆದರಿಕೆಗಿಂತ ಸಂಕಟವೇ ಹೆಚ್ಚಾಯಿತಂತೆ. ಕವರ್ ಸಿಗದ ಕೆಂಪು ಅಲ್ಲಿಗೇ ಅಲ್ಲವೇ ಬರಬೇಕಾದದ್ದು. ತನ್ನ ಜೀವಮಾನದ ಹೊಡೆತ ಲೆಕ್ಕಕ್ಕೆ ಬಂದಿಲ್ಲ ಅಂತ ಅವನಿಗೆ ತಿಳಿದುಹೋಯಿತು.

ಆಗ ಜಾಲರಿಯ ಕೆಳಗಿನಿಂದ ಪಿಸುದನಿ.

"ಕವರ್ ನೀನೇ ಅಲ್ವೇನೋ?"

ಸಿಟ್ಟಿರಲಿಲ್ಲ ಆ ದನಿಯಲ್ಲಿ. ಬಾಗಿಲಲ್ಲಿ ನಿಂತು ಕೇಳಿದ ಹಾಗೇ ಇತ್ತು, ಅವಸರ, ಸ್ವಲ್ಪ ನಗು. ಗುರಿ ಜಾಲರಿಯ ಮೇಲೆ ಬಗ್ಗಿದ.

"ನೀ... ನೀನು ಹೋಗ್ಬಿಟ್ಟೆ ಕಣೋ."

"ಬಟ್ಟೆ ಸಿಕ್ಕೊಂಡಿದೆ ಕಣೋ. ತೆಗೀಬೇಕು." ಆಮೇಲೆ ಮತ್ತೆ, "ಯಾರಿದ್ದೀರಿ ಹಿಂದೆ?"

ಗುರಿ ಜಾಲರಿಯ ಪಕ್ಕ ಕುಸಿದು ಕೂತ. ಅಳು ಬಂತು. ಕಡ್ಡಿ ಸತ್ತ ದಿನವೂ ಅತ್ತಿರಲಿಲ್ಲ ಅವನು, ಅಳುವುದಕ್ಕೆ ಮೇಸ್ತ್ರಿ ಪುರುಸೊತ್ತು ಕೊಟ್ಟಿರಲಿಲ್ಲ. ಈಗ ಆ ಕತ್ತಲಲ್ಲಿ, ಕಬ್ಬಿಣಕ್ಕೆ ಹಣೆ ಹಚ್ಚಿ ಅತ್ತ.

"ನಾನೇ ಕಣೋ ಕೂಗಿದ್ದು. ನಾಳೆ ಹೇಳ್ತೀನಿ. ಎಲ್ಲರ ಮುಂದೆ ಹೇಳ್ತೀನಿ. ನಿನ್ನ ಹೆಂಡ್ತಿ ಎದುರಿಗೇ ಹೇಳ್ತೀನಿ."

"ಹಾಗಾದ್ರೆ ಕೂಗು."

ಗುರಿ ಕೂಗಿದ. "ಕವರ್."

"ಸರಿ," ಅಂದಿತು ಕೆಳಗಿನಿಂದ. ಆಮೇಲೆ ತಗಡಿನ ಮೇಲೆ ಒದ್ದೆ ಕಾಲು ಇಟ್ಟ ಸದ್ದು. ಡಬ್. ಇನ್ನೊಂದು ಕಾಲು. ಡಬ್. ಆಮೇಲೆ ಏನೂ ಇಲ್ಲ. ಹಾಳು ಬಾವಿಯೊಳಗೆ ತಗಡು ಎಲ್ಲಿಂದ ಬರಬೇಕು, ಹೇಳು?

ಅವನು ಎದ್ದು ಬೋರ್ಡು ಹೊತ್ತು ಮನೆಗೆ ಬಂದ. ದಾರಿಯುದ್ದಕ್ಕೂ ತಲೆಯ ಮೇಲೆ ಒಂದು ಸದ್ದೂ ಇಲ್ಲ. ಹೆದರಿ ಜ್ವರ ಬಂದಿರಬೇಕು ಅಂದುಕೊಂಡೆಯಾ? ಇಲ್ಲ. ಅವನಿಗೆ ಆ ರಾತ್ರಿ ಸುಖವಾಗಿ ನಿದ್ದೆ ಬಂತಂತೆ. ಎದೆಯ ಮೇಲಿನ ಭಾರ ಇಳಿದಂತಾಗಿತ್ತಂತೆ. 'ಸತ್ತ ಮೇಲೂ ಅವನು ನನ್ನನ್ನೇ ನಂಬಿದ ನೋಡು' ಅಂತ ನನ್ನ ಹತ್ತಿರ ಹೇಳುವಾಗ ಅವನ ಮುಖ ನೋಡಲಾಗಲಿಲ್ಲ ನನಗೆ.

ಬೆಳಗಾಯಿತು. ಮೇಸ್ತ್ರಿಯ ಆಫೀಸು ಕೋಣೆಯಲ್ಲೇ ವಿಚಾರಣೆ. ಅಧಿಕಾರಿ ಒಳ್ಳೆ ಮನುಷ್ಯ, ಮೆದು ಮಾತು, ಅವಸರದಲ್ಲಿದ್ದ. ಕಡ್ಡಿಯ ಹೆಂಡತಿ ಬಾಗಿಲ ಹತ್ತಿರದ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಡ್ರೈವರು ತನ್ನ ಪಾಠ ಒಪ್ಪಿಸಿ ಆಗಿತ್ತು. ಮೇಸ್ತ್ರಿ ತಾನೇ ಎಲ್ಲರಿಗೂ ಟೀ ಕೊಡುತ್ತಿದ್ದ, ಅವಳಿಗೂ ಕೊಟ್ಟ. ಅವಳು ಕುಡಿಯಲಿಲ್ಲ.

"ಒಳಗೆ ಹೋಗೋ ಮುಂಚೆ ಅವ್ರು ಯಾರನ್ನಾದ್ರೂ ಕರೆದ್ರಾ?" ಅಧಿಕಾರಿ ಗುರಿಯನ್ನು ಕೇಳಿದ. "ನೀವು ಅವ್ರ ಆಪ್ತರಂತೆ. ನಿಮ್ಮ ಮಾತು ಮುಖ್ಯ."

ಗುರಿ ಬಾಯಿ ತೆರೆದ. ಹೇಳಿಬಿಡಬೇಕು ಅಂತಲೇ ತೆರೆದದ್ದು, ಅದನ್ನು ನಾನು ನಂಬುತ್ತೇನೆ. ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು. ಹೊರಗೆ ಹಗಲು ಪಾಳಿಯವರು ನಗುತ್ತಾ ಬಟ್ಟೆ ಮಡಚುತ್ತಿದ್ದರು. ಮೇಸ್ತ್ರಿ ಟೀ ಲೋಟ ಹಿಡಿದು ಸುಮ್ಮನೆ ಅವನನ್ನೇ ನೋಡುತ್ತಿದ್ದ. ಹಗಲು ಹೊತ್ತಿನಲ್ಲಿ ದೆವ್ವಕ್ಕಿಂತ ಮೇಸ್ತ್ರಿ ದೊಡ್ಡವನು ಕಣೋ. ರಾತ್ರಿ ಅಷ್ಟು ಗಟ್ಟಿಯಾಗಿ ಕೇಳಿದ ದನಿ ಆ ಬಿಸಿಲಿನಲ್ಲಿ ಎಷ್ಟು ಸಣ್ಣದಾಯಿತೋ ಏನೋ.

"ಇಲ್ಲ ಸಾರ್. ಯಾರನ್ನೂ ಕರೀಲಿಲ್ಲ."

"ಯಾರಾದ್ರೂ ಕೂಗಿದ್ರಾ?"

"ಇಲ್ಲ ಸಾರ್."

ಮುಗಿಯಿತು. ಅವಳು ಜಗಳವಾಡಲಿಲ್ಲ, ಶಾಪ ಹಾಕಲಿಲ್ಲ. ಎದ್ದು ಹೋದಳು.

ಕ್ವಾರ್ಟರ್ಸು ಖಾಲಿ ಮಾಡುವ ದಿನ ಗುರಿ ಸಾಮಾನು ಹೊರಲು ಹೋದ. ಯಾಕೆ ಹೋದನೋ ಅವನಿಗೇ ಗೊತ್ತಿಲ್ಲ. ಹೋಗದಿದ್ದರೆ ಅನುಮಾನ ಬರುತ್ತದೆ ಅಂತಲೋ, ಬೈಸಿಕೊಂಡರೆ ಹಗುರಾಗುತ್ತದೆ ಅಂತಲೋ. ಪಾತ್ರೆಯ ಮೂಟೆ, ಹಾಸಿಗೆ ಸುರುಳಿ, ಮಗುವಿನ ಮುರಿದ ಸೈಕಲ್ಲು, ಎಲ್ಲ ಗಾಡಿಗೆ ಏರಿಸಿದ. ಮಗು ಸೈಕಲ್ಲನ್ನು ಮೇಲೆಯೇ ಇಡಬೇಕು ಅಂತ ಹಟ ಮಾಡಿತು, ಮೇಲೆಯೇ ಇಟ್ಟ. ಅವಳು ಹತ್ತಿರ ಬಂದಳು. ಬೈಯುತ್ತಾಳೆ ಅಂತ ಅವನು ಮೈ ಗಟ್ಟಿ ಮಾಡಿಕೊಂಡು ನಿಂತ.

"ಅಣ್ಣಾ," ಅಂದಳು. "ಬೇರೆ ಯಾರು ಹೇಳಿದ್ರೂ ನಾನು ಒಪ್ತಿರ್ಲಿಲ್ಲ. ನೀವು ಹೇಳಿದ್ಮೇಲೆ ನಿಜಾನೇ ಇರ್ಬೇಕು ಅಂತ ಮನಸ್ಸು ಗಟ್ಟಿ ಮಾಡ್ಕೊಂಡೆ. ತಪ್ಪು ಅವ್ರದ್ದೇ." ಮಗಳ ಕೂದಲು ಸರಿಮಾಡುತ್ತಾ, "ಇವ್ಳಿಗೂ ಹಾಗೇ ಹೇಳಿದ್ದೀನಿ. ನೋಡದೆ ಮುಂದೆ ಕಾಲಿಟ್ರೆ ಅಪ್ಪನ ಹಾಗೆ ಆಗುತ್ತೆ ಅಂತ," ಅಂದಳು.

ಗಾಡಿ ಹೋಯಿತು. ಗುರಿ ಅಲ್ಲೇ ನಿಂತಿದ್ದ. ಆಗ ಕೂಗಿ ನಿಲ್ಲಿಸಬಹುದಿತ್ತು. ಕೂಗಲಿಲ್ಲ.

ಮಾರನೆಯ ಬೆಳಗ್ಗೆ ಶುರುವಾಯಿತು. ರಾತ್ರಿ ಒಣ ಅಂಗಿ ಹಾಕಿಕೊಂಡು ಮಲಗುತ್ತಾನೆ, ಬೆಳಗ್ಗೆ ಏಳುವಾಗ ಅಂಗಿ ತೊಯ್ದು ತೊಪ್ಪೆ. ಬೆವರು ಅಂದರು ಡಾಕ್ಟರು, ಮಾತ್ರೆ ಬರೆದರು. ಬೆವರಾದರೆ ಹಾಸಿಗೆ ಒದ್ದೆಯಾಗಬೇಡವೇ? ಹಾಸಿಗೆ ಒಣಗಿರುತ್ತದೆ, ದಿಂಬು ಒಣಗಿರುತ್ತದೆ. ಅಂಗಿ ಬಿಚ್ಚಿ ಮಲಗಿ ನೋಡಿದ. ಮೊಳೆಗೆ ನೇತು ಹಾಕಿದ ಅಂಗಿಯಿಂದ ಬೆಳಗಿನವರೆಗೂ ನೀರು ತೊಟ್ಟಿಕ್ಕಿತು. ಆ ಕೆಲಸ ಬಿಟ್ಟ, ಮನೆ ಬದಲಾಯಿಸಿದ. ಅಂಗಿಗಳೂ ಬದಲಾದವು. ಏನೂ ಪ್ರಯೋಜನವಾಗಲಿಲ್ಲ.

ನಾನೂ ಮೊದಲು ನಂಬಿರಲಿಲ್ಲ. ತಾಯಿ ಮಗ ಇಬ್ಬರಿಗೂ ತಲೆ ಕೆಟ್ಟಿದೆ ಅಂದುಕೊಂಡಿದ್ದೆ. ಹೋದ ಚಳಿಗಾಲದಲ್ಲಿ ಅವರ ಮನೆಯಲ್ಲಿ ಉಳಿದುಕೊಂಡಿದ್ದೆ. ಬೆಳಗ್ಗೆ ದೊಡ್ಡಮ್ಮ ಹಿತ್ತಲಿಗೆ ಹೊರಟಿದ್ದಳು, ಕೈಯ ಬಕೆಟ್ಟಿನಲ್ಲಿ ಅವನ ಅಂಗಿ. ಅವಳ ಬೆರಳುಗಳು ಚಳಿಗೆ ಸೆಟೆದಿದ್ದವು. ಕೊಡು ದೊಡ್ಡಮ್ಮ ಅಂತ ನಾನೇ ಇಸಿದುಕೊಂಡು ಹಿಂಡಿದೆ. ಬಾಯಿಂದ ಹೊಗೆ ಬರುವಂಥ ಚಳಿ ಅವತ್ತು. ಒಲೆ ಇನ್ನೂ ಹೊತ್ತಿಸಿರಲಿಲ್ಲ.

ನೀರು ಬಿಸಿಯಾಗಿತ್ತು. ಕೈ ಹಿಂದಕ್ಕೆ ಎಳೆದುಕೊಳ್ಳುವಷ್ಟು ಬಿಸಿ. ಸುಳ್ಳು ಹೇಳಿ ನನಗೇನು ಆಗಬೇಕು? ಈ ಕೈಯಲ್ಲೇ ಹಿಂಡಿದ್ದು. ದೊಡ್ಡಮ್ಮ ನನ್ನ ಮುಖ ನೋಡಲಿಲ್ಲ. ಇನ್ನೊಂದು ಸಲ ಹಿಂಡು, ಇನ್ನೂ ಇದೆ ಅಂದಳು, ಅಷ್ಟೇ.